ಬೇಸಿಗೊಂದು ಬೇಸು

ನನ್ನ ಭಾವನ ಕೈಗೆ ನೀವು ಏನನ್ನೂ ಕೊಡಬೇಡಿ. ಕೊಟ್ಟರೆ ಅದು ಮರವಾಗುತ್ತದೆ!

ತಮಾಷೆ ಅಂದುಕೊಂಡಿರಾ? ರಾಮನ ಪಾದ ತಾಗಿ ಕಲ್ಲು ಹೆಣ್ಣಾಯಿತೆಂದರೆ ಕೈಮುಗಿದು ನಂಬುತ್ತೀರಿ. ನನ್ನ ಭಾವನ ಕೈ ತಾಗಿದ ಪ್ಲಾಸ್ಟಿಕ್ಕು ಮರವಾಗುತ್ತದೆ ಎಂದರೆ ಮಾತ್ರ ನಗುತ್ತೀರಿ. ಡೊಂಬಿವಲಿ ಪೂರ್ವದಲ್ಲಿರುವ ಅವರ ಮನೆಗೆ ಒಮ್ಮೆ ಹೋಗಿ. ಬಾಗಿಲ ಹತ್ತಿರ ಕರೆಗಂಟೆಯ ಗುಂಡಿ ಹುಡುಕಿ. ಸಿಗುವುದಿಲ್ಲ! ಅಲ್ಲಿ ಸಾಗುವಾನಿಯ ಒಂದು ತಾವರೆ ಹೂವಿದೆ, ಅದಕ್ಕೆ ಹದಿನಾರು ಎಸಳು, ಆ ಹದಿನಾರರಲ್ಲಿ ಒಂದು ಎಸಳನ್ನು ಒತ್ತಿದರೆ ಮಾತ್ರ ಗಂಟೆ. ಕೊರಿಯರಿನವನು ಮೂರು ಎಸಳು ಒತ್ತಿ ನೋಡುತ್ತಾನೆ, ಆಮೇಲೆ ಬಾಗಿಲನ್ನೇ ಗುದ್ದುತ್ತಾನೆ. ಒಳಗೆ ಹೋದರೆ ಮಿಕ್ಸಿಯ ತಿರುಗುಗುಂಡಿ ಮರದ್ದು, ಫ್ರಿಜ್ಜಿನ ಹಿಡಿ ಮರದ್ದು. ಟೀವಿಯ ರಿಮೋಟು ಒಂದು ಮರದ ಪೆಟ್ಟಿಗೆಯೊಳಗೆ ಸಮಾಧಿಯಾಗಿದೆ. ಚಾನೆಲ್ ಬದಲಿಸಬೇಕಾದರೆ ಸಣ್ಣ ತೂತಿಗೆ ಬೆಂಕಿಕಡ್ಡಿ ತೂರಿಸಿ ಒತ್ತಬೇಕು. ಈ ಕಡ್ಡಿಯ ಕಾಟಕ್ಕೆ ಬೇಸತ್ತು ನನ್ನ ಅಕ್ಕ ಧಾರಾವಾಹಿ ನೋಡುವುದನ್ನೇ ಬಿಟ್ಟಳು. ಭಾವನಿಂದ ಲೋಕಕ್ಕೆ ಆದ ಉಪಕಾರ ಇದೊಂದೇ ಇರಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ವಿಠ್ಠಲವಾಡಿ ಸ್ಟೇಷನ್ನಿನ ಎದುರು ಅವರ ಅಣ್ಣನದೊಂದು ಸಸ್ಯಾಹಾರಿ ಹೊಟೇಲಿದೆ, ಅದರಲ್ಲಿ ಮೂವತ್ತು ವರ್ಷ ಮೇಲ್ವಿಚಾರಣೆ ನೋಡಿಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಹೊಟೇಲಿಗೆ ಹೊಸ ರೂಪ ಕೊಡುತ್ತೇವೆಂದು ಹಳೆಯ ಸಾಗುವಾನಿ ಟೇಬಲುಗಳನ್ನೆಲ್ಲ ಕಿತ್ತು ಗ್ರಾನೈಟು ಹಾಕಿದರು. ಅದೇ ತಿಂಗಳು ಭಾವನೂ ನಿವೃತ್ತರಾದರು. ಟೇಬಲುಗಳನ್ನು ಗುಜರಿಗೆ ಹಾಕುತ್ತಾರೆಂದು ತಿಳಿದದ್ದೇ ತಡ, ಹದಿನಾರು ಹಲಗೆಗಳನ್ನೂ ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತಂದು ಬೆಡ್‌ರೂಮಿನ ಬಾಲ್ಕನಿಯಲ್ಲಿ ಒಟ್ಟಿದರು. ಅಂದಿನಿಂದ ಅಕ್ಕನ ಬೆಡ್‌ರೂಮಿಗೆ ಸೂರ್ಯೋದಯವಿಲ್ಲ. ಮೂವತ್ತು ವರ್ಷ ಸಾಂಬಾರು ಕುಡಿದ ಮರ ನೋಡಿ, ಮಳೆಗಾಲದಲ್ಲಿ ಆ ಮನೆಯ ಫ್ರಿಜ್ಜಿನ ಹಿಡಿ ಮುಟ್ಟಿದರೆ ಕೈಗೆ ಇಂಗಿನ ವಾಸನೆ ಬರುತ್ತದೆ.

ಮನೆಯೊಳಗೆ ದಿನವಿಡೀ ಗರಗಸದ ಸದ್ದು. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಒಂದು ದಿನ ತಾಳ್ಮೆಗೆಟ್ಟು ಬಂದರಂತೆ. "ಅಣ್ಣಾ, ಘರಾತ್ ಜಹಾಜ್ ಬಾಂಧತಾಯ್ ಕಾಯ್?" ಮನೆಯಲ್ಲಿ ಹಡಗು ಕಟ್ಟುತ್ತಿದ್ದೀರಾ ಎಂದು ಮರಾಠಿಯಲ್ಲಿ ವಿಚಾರಣೆ.

ಭಾವ ಅಷ್ಟೇ ಗಂಭೀರವಾಗಿ, "ನಾಹೀ ಸಾಹೇಬ್. ಚಮಚಾ" ಎಂದರಂತೆ!

ಮುಂದಿನ ವಾರ ಸೆಕ್ರೆಟರಿಯ ಬಾಗಿಲಿಗೊಂದು ಮರದ ನಾಮಫಲಕ ಬಂತು. ದೂರು ಅಲ್ಲಿಗೇ ನಿಂತಿತು. ಈಗ ಅವರೇ ವಾರಕ್ಕೊಮ್ಮೆ ಕುಕ್ಕರಿನ ಮುರಿದ ಹಿಡಿ ಹಿಡಿದುಕೊಂಡು ಬರುತ್ತಾರೆ.

ಇಷ್ಟೇ ಆಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಇನ್ನೊಂದು ವಿಚಿತ್ರ ಅಭ್ಯಾಸವಿದೆ. ಭಾವನ ಜೊತೆ ಲೋಕಲ್ ರೈಲು ಹತ್ತಿದರೆ, ಮದುವೆಮನೆಗೆ ಹೋದರೆ, ಸುಮ್ಮನೆ ರಸ್ತೆ ದಾಟಿದರೂ, ನನ್ನ ಎಡಕ್ಕೇ ಬಂದು ನಿಲ್ಲುತ್ತಾರೆ. ಬಲಕ್ಕೆ ಎಷ್ಟು ಜಾಗವಿದ್ದರೂ ಸರಿ, ಎಡಗಡೆ ನಿಂತವರನ್ನು "ಜರಾ ಸರಕೋ ಭಾಯಿ" ಎಂದು ಸರಿಸಿ ನುಸುಳುತ್ತಾರೆ. ಎಡಕ್ಕೆ ನಿಲ್ಲುವ ಹಕ್ಕು ಶಾಸ್ತ್ರಪ್ರಕಾರ ಧರ್ಮಪತ್ನಿಗೆ ಮಾತ್ರವಲ್ಲವೇ? ಒಮ್ಮೆ ಠಾಣೆ ಸ್ಟೇಷನ್ನಿನಲ್ಲಿ ನನಗೆ ರೇಗಿ, "ಭಾವ, ನಮ್ಮಿಬ್ಬರಿಗೆ ಸಪ್ತಪದಿ ಯಾವಾಗ ಆಯಿತು?" ಎಂದೇ ಕೇಳಿಬಿಟ್ಟೆ. ಅವರು "ಹ್ಹೆ ಹ್ಹೆ" ಎಂದು ನಕ್ಕರು, ಜಾಗ ಬಿಡಲಿಲ್ಲ.

ಇನ್ನು ನನ್ನ ವಿಷಯ. ಹೇಳಿಕೊಳ್ಳುವಂಥದ್ದೇನಿಲ್ಲ, ಆದರೂ ಹೇಳುತ್ತೇನೆ. ಬೇರೆ ಯಾರೂ ಹೇಳುವುದಿಲ್ಲವಲ್ಲ! ನಾನು ಇಪ್ಪತ್ತೆರಡು ವರ್ಷ ಬೇಸ್ ಗಿಟಾರ್ ಬಾರಿಸಿದವನು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ, ಆದರೆ ಒಂದೊಂದೂ ದಪ್ಪ. ಮಂದ್ರದ ಸ್ವರ. ಹಾಡಿನ ಅಡಿಯಲ್ಲಿ ದುಂ ದುಂ ಎನ್ನುತ್ತಾ ಒಂದು ನಾದ ನಡೆದುಕೊಂಡು ಹೋಗುತ್ತದಲ್ಲ, ಅದೇ. ಏನಂದಿರಿ, ನಿಮಗೆ ಎಂದೂ ಕೇಳಿಸಿಲ್ಲವೇ? ನನಗೇನೂ ಆಶ್ಚರ್ಯವಿಲ್ಲ. ಯಾರಿಗೂ ಕೇಳಿಸಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣದ ನಾವು ಏಳು ಜನ ಕನ್ನಡಿಗರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದೆವು. ಹಗಲು ಆಫೀಸು, ಸಂಜೆ ಗಣಪತಿ ಪೆಂಡಾಲು, ಮದುವೆ, ಸಂಘದ ವಾರ್ಷಿಕೋತ್ಸವ. ಗಾಯಕ ಬಸವರಾಜ ಬಿಜಾಪುರ ಕಡೆಯವನು, ಕಲ್ಯಾಣದಲ್ಲಿ ಮನೆ. ನಾನು ಮೊದಲ ದಿನ ಬೇಸ್ ಗಿಟಾರ್ ತಂದಾಗ ಅವನು, "ಬೇಸ್ ಗಿಟಾರ್ ಅಂದ್ರ ಬೇಸಾಗಿರೂ ಗಿಟಾರ್ ಏನ್ಪಾ? ಹಂಗಾರ ಆ ಇನ್ನೊಂದು ಗಿಟಾರ್ ಬೇಸ್ ಇಲ್ಲೇನು?" ಎಂದು ಕೇಳಿದ್ದ. ಅವರ ಕಡೆ ಬೇಸ್ ಎಂದರೆ ಚೆನ್ನಾಗಿರುವುದು. ನನ್ನ ವಾದ್ಯದ ಬಗ್ಗೆ ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ ಏಕೈಕ ಒಳ್ಳೆಯ ಮಾತು ಅದು, ಅದೂ ತಪ್ಪು ತಿಳುವಳಿಕೆಯಿಂದ!

ಮಾಜಿವಾಡಾದ ಒಂದು ಮದುವೆಯಲ್ಲಿ ಮೂರು ಗಂಟೆ ಬಾರಿಸಿ ಇಳಿದಾಗ ಅಜ್ಜಿಯೊಬ್ಬರು ಹತ್ತಿರ ಕರೆದರು. ಹೊಗಳುತ್ತಾರೆಂದು ಓಡಿದೆ. "ಅಲ್ಲ ಮಗಾ, ಇಷ್ಟೊತ್ತೂ ಟ್ಯೂನ್ ಮಾಡ್ತಾನೇ ಇದ್ಯಲ್ಲ, ಬಾರಿಸೋದು ಯಾವಾಗ?" ಎಂದರು. ನಿರೂಪಕರು ಕಲಾವಿದರ ಹೆಸರು ಹೇಳುವಾಗ "ಮತ್ತು ಗಿಟಾರಿನಲ್ಲಿ... ಇನ್ನೊಬ್ಬರು" ಎಂದು ಮುಗಿಸುತ್ತಿದ್ದರು. ನಮ್ಮ ಆಲ್ಬಮ್ಮಿನ ಫೋಟೋಗಳಲ್ಲಿ ನಾನು ಸ್ಪೀಕರ್ ಪೆಟ್ಟಿಗೆಯ ಹಿಂದಿನಿಂದ ಇಣುಕುವ ಒಂದು ಮೊಣಕೈ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ನನಗೆ ಚೆನ್ನಾಗಿ ಬಾರಿಸಿದಿರಿ ಅನ್ನಲಿಲ್ಲ. ಹೋಗಲಿ, ತಪ್ಪು ಬಾರಿಸಿದಿರಿ ಎಂದಾದರೂ ಅನ್ನಬೇಡವೇ? ತಪ್ಪುಗಳನ್ನೇನು ಕಡಿಮೆ ಮಾಡಿದ್ದೇನೆಯೇ? ಹೊಗಳಿಕೆ ಸಿಗದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಬೈಗುಳವೂ ಸಿಗದೆ ಬಂದವನು ನಾನೊಬ್ಬನೇ.

ಹತ್ತು ವರ್ಷದ ಹಿಂದೆ ಬಾರಿಸುವುದನ್ನು ಬಿಟ್ಟೆ. ಆಫೀಸಿನಲ್ಲಿ ಪ್ರಮೋಶನ್ ಆಯಿತು, ಪುರಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ ಬೇರೆ. ನಿಮ್ಮಲ್ಲೇ ಇರಲಿ. ಒಂದು ಸಂಜೆ ಠಾಣೆಯಲ್ಲಿ ಕಲ್ಯಾಣ್ ಫಾಸ್ಟ್ ಲೋಕಲ್ ಹತ್ತುವಾಗ ಜನರ ಗರ್ದಿ ನನ್ನನ್ನು ಒಳಗೆ ತಳ್ಳಿತು, ಎಡ ಹೆಗಲಿಗೆ ಹಾಕಿದ್ದ ಗಿಟಾರಿನ ಚೀಲವನ್ನು ಹೊರಗೆ ಎಳೆಯಿತು. ನಡುವೆ ಸಿಕ್ಕಿದ್ದು ನನ್ನ ಭುಜ. ಎಣ್ಣೆ, ಶಾಖ, ವ್ಯಾಯಾಮ ಎಲ್ಲ ಆಯಿತು. ನೋವು ಕಡಿಮೆಯಾಯಿತು, ಆದರೆ ಆ ಭುಜ ಮತ್ತೆ ಭಾರ ತಡೆಯಲಿಲ್ಲ. ಗಿಟಾರನ್ನು ಪಟ್ಟಿಯಲ್ಲಿ ತೂಗುಹಾಕಿಕೊಂಡು ಎರಡು ಹಾಡಿಗೆ ನಿಂತರೆ ಮೂರನೆಯದಕ್ಕೆ ಕಣ್ಣಲ್ಲಿ ನೀರು. ಹೆಂಡತಿಗೆ "ಮಲಗಿದ್ದು ಸರಿಯಾಗಲಿಲ್ಲ" ಎಂದೆ. ಹತ್ತು ವರ್ಷದಿಂದ ನಾನು ಸರಿಯಾಗಿ ಮಲಗಿಲ್ಲವೆಂದೇ ಅವಳ ನಂಬಿಕೆ! ಯಾಕೆ ಮುಚ್ಚಿಟ್ಟೆ ಎಂದರೆ, ಹಾಡುವವನ ಗಂಟಲು ಹೋದರೆ ಊರೇ ಅಯ್ಯೋ ಅನ್ನುತ್ತದೆ. ಬೇಸ್ ಬಾರಿಸುವವನ ಭುಜ ಹೋಯಿತೆಂದು ಹೇಳಿ, ಯಾರೂ ಅಯ್ಯೋ ಅನ್ನದೆ ಹೋದರೆ? ಆ ಪರೀಕ್ಷೆಗೆ ಕೂರುವ ಧೈರ್ಯ ನನಗಿರಲಿಲ್ಲ.

ಹೀಗೆ ನನ್ನ ಗಿಟಾರು ಠಾಣೆಯ ವರ್ತಕ ನಗರದ ನಮ್ಮ ಮನೆಯ ಕಪಾಟಿನ ಸಂದಿಯಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಎರಡು ವರ್ಷದ ಹಿಂದೆ ಚೌತಿಯ ಊಟಕ್ಕೆ ಬಂದ ಭಾವ ಕೈ ಒರೆಸುವ ಬಟ್ಟೆ ಹುಡುಕುತ್ತಾ ಅಲ್ಲಿಗೆ ಹೋದರು. ಬಟ್ಟೆ ಸಿಕ್ಕಲಿಲ್ಲ, ಗಿಟಾರು ಸಿಕ್ಕಿತು.

"ಇದೆಂತ ಮಾರಾಯ, ಇಲ್ಲಿ?"

ವಾಲ್ಯೂಮ್ ಹೆಚ್ಚುಕಡಿಮೆ ಮಾಡುವ ಗುಂಡಿ ಯಾವ ಕಾಲದಲ್ಲೋ ಬಿದ್ದುಹೋಗಿತ್ತು. ಆ ಜಾಗಕ್ಕೆ ನಾನು ಟೂತ್‌ಪೇಸ್ಟಿನ ಮುಚ್ಚಳ ಸಿಕ್ಕಿಸಿದ್ದೆ. ಹೇಳಿದೆ.

"ಛೆ ಛೆ ಛೆ! ವಾದ್ಯ ಅಲ್ವಾ ಅದು? ಸರಸ್ವತಿ ಅಲ್ವಾ? ಸರಸ್ವತಿಗೆ ಪೇಸ್ಟಿನ ಮುಚ್ಚಳವಾ?" ಎಂದು ಭಾವ ನಿಜವಾಗಿ ನೊಂದುಕೊಂಡರು. "ಒಂದು ವಾರ ಕೊಡು. ಗುಂಡಿ ಮಾತ್ರ ಮಾಡಿ ತರ್ತೇನೆ."

ಆ "ಮಾತ್ರ" ಎಂಬ ಶಬ್ದವನ್ನು ನಂಬಿ ಕೆಟ್ಟವನು ನಾನು. ಗುಂಡಿಯನ್ನೇನೋ ಮಾಡಿದರು. ಸುಳ್ಳು ಹೇಳಬಾರದು, ಚಂದದ ಗುಂಡಿ, ಬುಗುರಿಯ ಹಾಗೆ ನುಣುಪು. ಆದರೆ ಒಂದು ಗುಂಡಿ ಮರದ್ದಾದರೆ ಪಕ್ಕದ್ದು ಪ್ಲಾಸ್ಟಿಕ್ಕಾಗಿ ಉಳಿಯಬಹುದೇ? ಎರಡನೆಯದೂ ಆಯಿತು. ಎರಡು ಮರದ ಗುಂಡಿಯ ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಹೊಂದಲಿಲ್ಲ. ಇಲಿ ಕಾಟಕ್ಕೆ ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಸಾಕಿ ಸಂಸಾರಿಯಾದ ಸನ್ಯಾಸಿಯ ಕತೆ ಗೊತ್ತಲ್ಲ? ಅದೇ ಕತೆ ಡೊಂಬಿವಲಿಯ ಬಾಲ್ಕನಿಯಲ್ಲಿ ನಡೆಯಿತು. ವಾರ ಹೋಗಿ ತಿಂಗಳಾಯಿತು, ತಿಂಗಳು ಹೋಗಿ ವರ್ಷವಾಯಿತು. ಪ್ರತಿಸಲ ಅಕ್ಕನ ಮನೆಗೆ ಹೋದಾಗಲೂ ನನ್ನ ಗಿಟಾರು ಇನ್ನಷ್ಟು ಅವರದಾಗಿರುತ್ತಿತ್ತು.

ಒಂದು ಸಲ ಹೋದಾಗ ಪ್ಲಾಸ್ಟಿಕ್ ತಟ್ಟೆಯ ಜಾಗದಲ್ಲಿ ಸಾಗುವಾನಿಯ ತಟ್ಟೆ. ಅದರ ಒಂದು ಮೂಲೆಯಲ್ಲಿ ೫ ಎಂಬ ಅಂಕೆ.

"ಇದೇನು ಭಾವ?"

"ಐದನೇ ಟೇಬಲ್ ಮಾರಾಯ! ಕಿಟಕಿ ಹತ್ತಿರದ್ದು. ಒಳ್ಳೊಳ್ಳೇ ಗಿರಾಕಿಗಳೇ ಕೂತದ್ದು ಅದ್ರಲ್ಲಿ. ನಂಬರ್ ಅಳಿಸ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

ಇಪ್ಪತ್ತೆರಡು ವರ್ಷ ಹೆಸರಿಲ್ಲದೆ ಬಾರಿಸಿದವನಿಗೆ ಕೊನೆಗೊಂದು ನಂಬರಾದರೂ ಸಿಕ್ಕಿತು! ಜೊತೆಗೆ ಬಂದಿದ್ದ ನನ್ನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಯೇ ಗಿಟಾರ್ ನಹೀ, ಡೈನಿಂಗ್ ಟೇಬಲ್ ಹೈ!" ಎಂದು ಬಿದ್ದುಬಿದ್ದು ನಕ್ಕಳು. ಭಾವ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡರು.

ಆಮೇಲೆ ತಂತಿಗಳ ಕೆಳಗಿರುವ ಪಿಕಪ್ಪಿನ ಸರದಿ. ಪಿಕಪ್ ಎಂದರೆ ತಂತಿಯ ಕಂಪನವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಅಯಸ್ಕಾಂತ. ಅದಕ್ಕೆ ಭಾವ ಹೊದಿಸಿದ ಮರದ ಮುಚ್ಚಳ ಎಷ್ಟು ದಪ್ಪವಿತ್ತೆಂದರೆ, ಅದಕ್ಕೆ ಜಾಗ ಮಾಡಲು ಪಿಕಪ್ಪನ್ನೇ ಕೆಳಗಿಳಿಸಿದ್ದರು. ಬಾರಿಸಿ ನೋಡಿದರೆ ಇದ್ದಬದ್ದ ಸದ್ದೂ ಅಡಗಿಹೋಗಿತ್ತು. ಮೊದಲೇ ಯಾರಿಗೂ ಕೇಳಿಸದ ವಾದ್ಯ, ಈಗ ಬಾರಿಸುವವನಿಗೂ ಕೇಳಿಸುವುದಿಲ್ಲ! ನಾನು ಕೂಗಾಡಿದೆ. ಭಾವ ಮೂರು ವಾರ ಕೂತು ಆ ಮುಚ್ಚಳವನ್ನು ಉಜ್ಜಿದರಂತೆ. ತಂತಿ ಮೀಟುವುದು, ಗಿಟಾರಿನ ಮೈಗೆ ಕಿವಿಯಿಟ್ಟು ಕೇಳುವುದು, ಮತ್ತೆ ಉಜ್ಜುವುದು. ಅಕ್ಕ ನನಗೆ ಫೋನು ಮಾಡಿ ಅತ್ತುಕೊಂಡಳು. "ನಾನು ಹತ್ತು ಸಲ ಕರೆದ್ರೂ ಇವರಿಗೆ ಕೇಳುವುದಿಲ್ಲ. ಆ ನಿನ್ನ ಗಿಟಾರಿನ ಹೊಟ್ಟೆಗೆ ಕಿವಿ ಕೊಟ್ಟು ಕೂತಿದ್ದಾರೆ, ಬಸುರಿಯ ಹೊಟ್ಟೆಗೆ ಕಿವಿ ಕೊಟ್ಟ ಹಾಗೆ!" ಮುಚ್ಚಳ ಕೊನೆಗೆ ಹಪ್ಪಳದಷ್ಟು ತೆಳುವಾಯಿತು, ಪಿಕಪ್ಪು ಮತ್ತೆ ಮೇಲೆ ಬಂತು, ಸದ್ದೂ ಬಂತು. ನಾನು ಮೆಚ್ಚಲಿಲ್ಲ. ನನ್ನದು ನನಗೆ ಮೊದಲಿನಂತೆ ಬೇಕಿತ್ತು, ಅಷ್ಟೇ.

ಗಿಟಾರಿನ ತಲೆಗೂ ಒಂದು ಕೆತ್ತನೆ ಬಂತು. ಗಂಡಭೇರುಂಡ ಎಂದರು. ನನಗೆ ಕಂಡದ್ದು ಒಂದೇ ವಡಾಪಾವಿಗಾಗಿ ಜಗಳಾಡುವ ಎರಡು ಕಾಗೆ.

ಹೀಗಿರುವಾಗ ಈ ವರ್ಷ ಬಸವರಾಜನ ಫೋನು ಬಂತು. ನೆರೂಳಿನ ಸಭಾಂಗಣವೊಂದರಲ್ಲಿ ಭಾನುವಾರ ಮಧ್ಯಾಹ್ನ ಕನ್ನಡ ಕಾರ್ಯಕ್ರಮವಂತೆ, ನಮ್ಮ ಹಳೆಯ ಆರ್ಕೆಸ್ಟ್ರಾವನ್ನು ಒಂದೇ ಒಂದು ಸಲ ಮತ್ತೆ ಸೇರಿಸುತ್ತಾರಂತೆ. ನಾಲ್ಕು ಹಾಡು.

"ನೀ ಬರಬೇಕಪಾ. ನೀ ಇಲ್ದ ಹೆಂಗ?" ಎಂದ. ನನ್ನ ಎದೆ ಉಬ್ಬಿತು. ಅವನು ಮುಂದುವರಿಸಿದ: "ಮೊದಲ ಆ ಪನವೇಲದ ಹುಡುಗನ್ನ ಕೇಳಿದ್ವಿ, ಅವ್ಗ ಪರೀಕ್ಷಾ. ಇನ್ನೊಬ್ಬವ ದುಬೈಗೆ ಹೋಗ್ಯಾನ."

ಉಬ್ಬಿದ ಎದೆ ಅಲ್ಲೇ ಇಳಿಯಿತು. ಆದರೂ ಹ್ಞೂಂ ಎಂದೆ. ಮಾನ ಇದ್ದವನಾದರೆ ಇಲ್ಲ ಅನ್ನಬೇಕಿತ್ತು. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಸಾಯುವುದರೊಳಗೆ ಒಂದು ಸಲ, ಒಬ್ಬರಿಗಾದರೂ ನಾನು ಬಾರಿಸಿದ್ದು ಕೇಳಿಸಬೇಕು ಎಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ. ನಾಲ್ಕು ಹಾಡು ತಾನೇ? ನೋವಿನ ಮಾತ್ರೆ ನುಂಗಿ, ಹಲ್ಲು ಕಚ್ಚಿ ನಿಂತರಾಯಿತು. ಭಾವನಿಗೆ ಫೋನು ಮಾಡಿ ಗಿಟಾರು ವಾಪಸು ಬೇಕೆಂದೆ. ಇನ್ನು ಒಂದು ಚೂರು ಮರವನ್ನೂ ಸೇರಿಸಕೂಡದು ಎಂದೂ ಹೇಳಿದೆ.

ಮರುದಿನವೇ ಭಾವ ವರ್ತಕ ನಗರಕ್ಕೆ ಹಾಜರು. ಗಿಟಾರಿಲ್ಲ, ಕೈಯಲ್ಲಿ ಅಳತೆಯ ಟೇಪು. "ಆ ಕುರ್ಚಿಯಲ್ಲಿ ಸಮ ಕೂತ್ಕೋ ನೋಡುವ" ಎಂದವರೇ ಕುರ್ಚಿಯ ಎತ್ತರ, ನೆಲದಿಂದ ನನ್ನ ಮೊಣಕಾಲು, ಮೊಣಕಾಲಿಂದ ಎದೆ, ಎಲ್ಲ ಅಳೆದರು.

"ಎಂತಕ್ಕೆ ಭಾವ? ಮರದ ಅಂಗಿ ಹೊಲಿಸ್ತೀರಾ?"

"ನಿನಗೊಂದು ಸ್ಟೂಲು ಮಾಡುವ ಅಂತ" ಎನ್ನುತ್ತಾ ನನ್ನ ಎಡ ಭುಜವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು "ಹಾ!" ಎಂದು ಕುಸಿದೆ.

"ಎಂತಾಯ್ತು?"

"ಏನಿಲ್ಲ. ಸೊಳ್ಳೆ."

"ಸೊಳ್ಳೆ" ಎಂದು ಭಾವ ತಲೆಯಾಡಿಸಿ ಟೇಪು ಸುತ್ತಿಕೊಂಡರು. ಹೊರಟವರು ಲಿಫ್ಟಿನ ಬಾಗಿಲಲ್ಲಿ ನಿಂತು, "ಅಲ್ಲ, ನನಗೊಂದು ಡೌಟು. ಬೇಸ್ ಗಿಟಾರ್ ಬೇಸ್ ಗಿಟಾರ್ ಅಂತಿ. ಅದಕ್ಕೆ ಬೇಸೇ ಇಲ್ವಲ್ಲ? ಮಿಕ್ಸಿಗೆ ಬೇಸ್ ಉಂಟು, ಫ್ಯಾನಿಗೆ ಬೇಸ್ ಉಂಟು. ಬೇಸ್ ಗಿಟಾರಿಗೇ ಬೇಸ್ ಇಲ್ಲ ಅಂದ್ರೆ!" ಎಂದರು.

ಇಂಥ ಪ್ರಶ್ನೆಗೆ ಉತ್ತರ ಕೊಡುವ ಪುರಸೊತ್ತು ನನಗಿರಲಿಲ್ಲ. ಏನೂ ಬೇಡ, ಇದ್ದ ಹಾಗೆ ತನ್ನಿ ಎಂದು ಲಿಫ್ಟಿನ ಬಾಗಿಲು ಹಾಕಿದೆ.

ಭಾನುವಾರ ಬಂತು. ನೆರೂಳಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ನಾವು ಏಳೂ ಜನ ಸೇರಿದೆವು. ಎಲ್ಲರ ಹೊಟ್ಟೆ ಮುಂದೆ ಬಂದಿತ್ತು, ಕೂದಲು ಹಿಂದೆ ಹೋಗಿತ್ತು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಭಾವ ಬಂದರು, ಹಿಂದೆ ಅಕ್ಕ. ಭಾವನ ತೋಳುಗಳಲ್ಲಿ ಬಿಳಿ ಪಂಚೆ ಸುತ್ತಿದ ಏನೋ ಒಂದು, ಆಳೆತ್ತರದ್ದು. ಮುಖದಲ್ಲಿ ಗೆದ್ದು ಬಂದವರ ನಗು.

"ಕೂತ್ಕೊಂಡೇ ಬಂದೆ ಮಾರಾಯ!" ಎಂದರು. ಡೊಂಬಿವಲಿಯಿಂದ ಲೋಕಲ್, ಠಾಣೆಯಲ್ಲಿ ಬದಲಿಸಿ ನೆರೂಳು. ಪಂಚೆ ಸುತ್ತಿದ್ದನ್ನು ನೋಡಿದ ಒಬ್ಬ ಪ್ರಯಾಣಿಕ "ಕಾಕಾ, ಕೋಣತಾ ದೇವ್?" ಎಂದು ಕೇಳಿದನಂತೆ. ಯಾವ ದೇವರು ಎಂದು! ಭಾವ ಸುಳ್ಳು ಹೇಳುವವರಲ್ಲ, "ಸರಸ್ವತಿ" ಎಂದರಂತೆ. ಅಷ್ಟಕ್ಕೇ ಇಬ್ಬರು ಎದ್ದು ಜಾಗ ಬಿಟ್ಟರು, ಒಬ್ಬರು ಪಂಚೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕುಂಟನಿಗೂ ಜಾಗ ಬಿಡದ ಲೋಕಲ್ಲಿನಲ್ಲಿ ನನ್ನ ಗಿಟಾರು ಕಿಟಕಿ ಪಕ್ಕ ಕೂತು ಬಂದಿತ್ತು.

ಪಂಚೆ ಬಿಚ್ಚಿದರು. ಗಂಡಭೇರುಂಡ ಕಂಡಿತು, ಐದನೇ ಟೇಬಲ್ ಕಂಡಿತು, ಗುಂಡಿಗಳು ಕಂಡವು. ಅದರ ಕೆಳಗೆ, ಗಿಟಾರಿನ ಬುಡಕ್ಕೆ, ಒಂದು ಪೀಠ! ಗಿಡ್ಡ ಕಂಬ, ಕಂಬದ ಕೆಳಗೆ ಅರ್ಧಚಂದ್ರದ ಆಕಾರದ ಹಲಗೆ, ಹಲಗೆಯ ಅಂಚಿಗೆ ತಾವರೆಯ ಎಸಳು. ಭಾವ ಅದನ್ನು ನೆಲದ ಮೇಲಿಟ್ಟು ಕೈಬಿಟ್ಟರು. ನಿಂತಿತು.

"ಬೇಸ್ ಗಿಟಾರಿಗೆ ಬೇಸ್!" ಎಂದರು.

ಕೋಣೆಯಲ್ಲಿದ್ದ ಅಷ್ಟೂ ಜನ ಹೋ ಎಂದು ನಕ್ಕರು. ಬಸವರಾಜ ಕಣ್ಣೊರೆಸಿಕೊಳ್ಳುತ್ತಾ, "ಏನಲೇ ಇದು, ಗಿಟಾರೋ ಗಣಪತಿನೋ? ಬಾರ್ಸೂದೋ, ಆರತಿ ಮಾಡೂದೋ?" ಎಂದ. ಮೈಕಿನವನು ಫೋಟೋ ತೆಗೆದುಕೊಂಡ. ಇಪ್ಪತ್ತೆರಡು ವರ್ಷ ನನ್ನ ಕಡೆ ಕ್ಯಾಮೆರಾ ತಿರುಗಿಸದ ಲೋಕ ಅಂದು ತಿರುಗಿಸಿತು, ನಗುವುದಕ್ಕೆ.

ನನ್ನ ತಲೆಗೆ ರಕ್ತ ಏರಿತು. ಆಡಬಾರದ್ದನ್ನು ಆಡಿದೆ. "ಬೇಸ್ ಅಂದರೆ ಪೀಠ ಅಲ್ಲ ಭಾವ! ಮಂದ್ರಸ್ವರ! ಸ್ವರ ಅಂದರೆ ಏನೆಂದು ಗೊತ್ತಾ ನಿಮಗೆ? ನಿಮ್ಮ ಜೀವಮಾನದಲ್ಲಿ ಒಂದು ಸಲವಾದರೂ ನಾನು ಬಾರಿಸಿದ್ದು ನಿಮಗೆ ಕೇಳಿಸಿದೆಯಾ? ಇಡ್ಲಿ ತಟ್ಟೆಯ ಸದ್ದು ಬಿಟ್ಟು ಬೇರೇನಾದರೂ ಆ ಕಿವಿಗೆ ಹೋಗಿದೆಯಾ? ನನ್ನ ಹತ್ತಿರ ಇದ್ದದ್ದು ಇದೊಂದೇ. ಇದನ್ನೂ ನಗೆಪಾಟಲು ಮಾಡಿಬಿಟ್ಟಿರಲ್ಲ!"

ನಗು ನಿಂತಿತು. ಭಾವ ಅಂಗಿಯ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದರು. ಅದರ ಹಿಡಿಯೂ ಮರದ್ದು. ನನ್ನ ಕೈಗಿಟ್ಟು, "ನಾಲ್ಕೇ ಸ್ಕ್ರೂ. ಬಿಚ್ಚಿದ್ರೆ ಬರ್ತದೆ. ನಾನೊಂದು ಚಾ ಕುಡ್ದು ಬರ್ತೇನೆ" ಎಂದು ಹೊರಗೆ ಹೋದರು. ಅಕ್ಕ ನನ್ನನ್ನು ಒಂದು ಕ್ಷಣ ನೋಡಿದಳು. "ಸಣ್ಣದ್ರಿಂದಲೂ ನಿಂಗೆ ನಾಲಗೆ ಮಾತ್ರ ಉದ್ದ" ಎಂದು ಅವಳೂ ಹೋದಳು.

ನಾನು ಗಿಟಾರನ್ನು ಬೋರಲು ಮಲಗಿಸಿದೆ. ಮೊದಲ ಸ್ಕ್ರೂ ತಿರುಗಿಸಿ ತೆಗೆದೆ. ಎರಡನೆಯದಕ್ಕೆ ಕೈಹಾಕುವಾಗ ಪೀಠದ ಅಡಿಯಲ್ಲಿ ಬಡಗಿಯ ಪೆನ್ಸಿಲಿನಿಂದ ಬರೆದದ್ದು ಕಂಡಿತು. ಭಾವ ಹೊಟೇಲಿನ ಬೋರ್ಡಿನ ಮೇಲೆ ದಿನವೂ ಇವತ್ತಿನ ವಿಶೇಷ ಬರೆಯುತ್ತಿದ್ದ ಅದೇ ಗುಂಡು ಅಕ್ಷರ.

ಕುರ್ಚಿ ೧೭½. ಮೊಣಕಾಲು ೧೯. ಎದೆ ೧೪. ಎಡ ಭುಜ – ಭಾರ ೦.

ಮತ್ತೊಮ್ಮೆ ಓದಿದೆ. ಎಡ ಭುಜ, ಭಾರ ಸೊನ್ನೆ.

ಸೊಳ್ಳೆ ಎಂದಿದ್ದೆನಲ್ಲ ನಾನು! ಸೊಳ್ಳೆ ಎಂದು ಅವರೂ ತಲೆಯಾಡಿಸಿದ್ದರಲ್ಲ! ನನ್ನ ಹೆಂಡತಿಗೆ ಗೊತ್ತಿಲ್ಲದ್ದು, ಜೊತೆಗೆ ಬಾರಿಸಿದ ಆರು ಜನಕ್ಕೆ ಗೊತ್ತಿಲ್ಲದ್ದು ಈ ಮನುಷ್ಯನಿಗೆ ಯಾವಾಗ ಗೊತ್ತಾಯಿತು? ಯೋಚಿಸುತ್ತಾ ಕೂತವನಿಗೆ ಠಾಣೆ ಸ್ಟೇಷನ್ನು ನೆನಪಾಯಿತು. ಹತ್ತು ವರ್ಷದಿಂದ, ಪ್ರತಿಯೊಂದು ಗರ್ದಿಯಲ್ಲಿ, ಜನರನ್ನು ಸರಿಸಿಕೊಂಡು ಬಂದು ನನ್ನ ಎಡಕ್ಕೇ ನಿಲ್ಲುತ್ತಿದ್ದದ್ದು ನೆನಪಾಯಿತು. ಸಪ್ತಪದಿ ಯಾವಾಗ ಆಯಿತು ಎಂದು ಕೇಳಿದ್ದೆ. ಅವರು ನಕ್ಕಿದ್ದರು. ಭುಜ ಹೋಗಿದೆ ಎಂದು ಹೇಳಿಕೊಳ್ಳುವುದಕ್ಕೆ ನನಗೆ ಇಷ್ಟವಿಲ್ಲ ಎಂದು ಗೊತ್ತಿದ್ದರಿಂದ ಅವರು ಬೇಸ್ ಅಂದರೆ ಗೊತ್ತಿಲ್ಲದ ಪೆದ್ದರಾದರು. ಹತ್ತು ಜನರ ಮುಂದೆ ಪೆದ್ದರಾದರು, ನನ್ನ ಬಾಯಿಂದ ಬೈಸಿಕೊಂಡರು.

ನನಗೆ ಅಳು ಬಂತು. ಬಿಚ್ಚಿದ ಸ್ಕ್ರೂವನ್ನು ಮೊದಲಿದ್ದ ತೂತಿಗೇ ಹಾಕಿ ಬಿಗಿ ಮಾಡಿದೆ.

ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಸಿಕೊಂಡು ಕೂತೆ. ಗಿಟಾರು ತನ್ನ ಪೀಠದ ಮೇಲೆ ನಿಂತು ನನ್ನ ಎದೆಗೆ ಒರಗಿತು. ಅಳತೆ ತೆಗೆದು ಮಾಡಿದ್ದಲ್ಲವೇ, ಅಷ್ಟು ಸರಿಯಾಗಿ ಕೂತಿತು. ಭುಜದ ಮೇಲೆ ಪಟ್ಟಿಯಿಲ್ಲ. ಕಿಸೆಯಲ್ಲಿದ್ದ ಮಾತ್ರೆ ಕಿಸೆಯಲ್ಲೇ ಉಳಿಯಿತು. ಹತ್ತು ವರ್ಷದ ನಂತರ ನಾಲ್ಕೂ ಹಾಡು ಬಾರಿಸಿದೆ, ಮೂರನೆಯದರಲ್ಲಿ ಕಣ್ಣಲ್ಲಿ ನೀರು ಬಂದದ್ದು ನಿಜ, ಆದರೆ ನೋವಿನಿಂದಲ್ಲ. ಭಾವ ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ತಲೆ ಬಗ್ಗಿತ್ತು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡೆ.

ಕಾರ್ಯಕ್ರಮ ಮುಗಿಯಿತು. ಜನ ಮುತ್ತಿಕೊಂಡರು, ಬಸವರಾಜನನ್ನು. ಗಂಟಲು ಹಾಗೇ ಉಂಟು ಎಂದರು, ತಬಲಾದವನ ಕೈ ಹಿಡಿದು ಕುಲುಕಿದರು. ನನ್ನ ಹತ್ತಿರವೂ ಒಬ್ಬರು ಬಂದರು. "ಸರ್, ಇದು ಬರ್ಮಾ ಟೀಕ್ ಮರವಾ?" ಎಂದು ಕೇಳಿದರು. ಹೌದು, ಐದನೇ ಟೇಬಲ್ ಎಂದೆ.

ನೆರೂಳು ಸ್ಟೇಷನ್ನಿನಲ್ಲಿ ಠಾಣೆ ಲೋಕಲ್ಲಿಗೆ ಕಾಯುತ್ತಾ ನಿಂತೆವು. ಅಕ್ಕ ಲೇಡೀಸ್ ಡಬ್ಬಿ ಬರುವ ಕಡೆ ಹೋಗಿದ್ದಳು. ನಮ್ಮಿಬ್ಬರ ನಡುವೆ ಪಂಚೆ ಸುತ್ತಿದ ಸರಸ್ವತಿ. ಕ್ಷಮೆ ಕೇಳಬೇಕೆಂದು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ.

"ಭಾವ, ಬೇಸ್ ಅಂದರೆ..." ಎಂದು ಶುರುಮಾಡಿದೆ.

"ಪೀಠ ಅಲ್ವಾ?" ಎಂದರು ಭಾವ, ರೈಲಿನ ಇಂಡಿಕೇಟರ್ ನೋಡುತ್ತಾ.

ಆಮೇಲೆ ಅವರೇ ಗಂಟಲು ಸರಿಮಾಡಿಕೊಂಡರು.

"ಆ ಮೂರನೇ ಹಾಡು ಉಂಟಲ್ಲ. ಎರಡನೇ ಚರಣಕ್ಕೆ ಹೋಗುವಾಗ ನೀನು ಮೆಟ್ಟಲು ಇಳಿದ ಹಾಗೆ ಇಳೀಬೇಕಿತ್ತು. ಇಳೀಲೇ ಇಲ್ಲ, ಮೇಲೆಯೇ ನಿಂತಿ. ಮೊದಲೆಲ್ಲ ಇಳೀತಿದ್ದಿ. ಮಾಜಿವಾಡಾದ ಮದುವೆಯಲ್ಲಿ ಎಷ್ಟು ಚಂದ ಇಳಿದಿದ್ದಿ!"

ಹಾಡಿದ ಬಸವರಾಜನಿಗೆ ಗೊತ್ತಾಗಿರಲಿಲ್ಲ. ಪಕ್ಕದಲ್ಲೇ ಕೂತ ತಬಲಾದವನಿಗೆ ಗೊತ್ತಾಗಿರಲಿಲ್ಲ. ಎರಡನೇ ಚರಣದ ಹೊತ್ತಿಗೆ ಕಣ್ಣು ಮಂಜಾಗಿ ನಾನು ತಪ್ಪಿದ್ದು ನಿಜ.

"ಹೌದು ಭಾವ, ತಪ್ಪಿತು" ಎಂದೆ. ನನ್ನ ಜೀವಮಾನದಲ್ಲಿ ಯಾವ ತಪ್ಪನ್ನೂ ಇಷ್ಟು ಸಂತೋಷದಿಂದ ಒಪ್ಪಿಕೊಂಡಿಲ್ಲ.

ಲೋಕಲ್ ಬಂತು. ಜನ ನುಗ್ಗಿದರು. ಭಾವ ಗಿಟಾರನ್ನು ಎತ್ತಿಕೊಂಡು ನನ್ನ ಎಡಗಡೆಗೆ ಬಂದರು. ನಾನು ಸರಿದು ಅವರಿಗೆ ಜಾಗ ಮಾಡಿಕೊಟ್ಟೆ.